ಕುಕ್ಕರ್ ಮೂರು ಸೀಟಿ ಹೊಡೆದ ಮನೆ

ನಮ್ಮ ಹೊಸಪೇಟೆಯಲ್ಲಿ ಸೈಟಿನ ರೇಟು ಯಾಕೆ ಈ ಪರಿ ಏರಿದೆ ಎಂದು ಕೇಳಿ ನೋಡಿ, ಒಬ್ಬೊಬ್ಬರು ಒಂದೊಂದು ಕಾರಣ ಕೊಡುತ್ತಾರೆ. ಊರು ಜಿಲ್ಲಾ ಕೇಂದ್ರ ಆಯಿತಲ್ಲ, ಅದಕ್ಕೆ ಅನ್ನುತ್ತಾರೆ. ತೋರಣಗಲ್ಲಿನ ಫ್ಯಾಕ್ಟರಿಯವರೆಲ್ಲ ಇಲ್ಲೇ ಮನೆ ಮಾಡುತ್ತಿದ್ದಾರೆ, ಅದಕ್ಕೆ ಅನ್ನುತ್ತಾರೆ. ಹಂಪಿ ನೋಡಲು ಬಂದವರು ಊರನ್ನೂ ನೋಡಿ ಮರುಳಾದರು ಎಂದವರೂ ಇದ್ದಾರೆ. ಅವರು ನಮ್ಮ ಊರನ್ನು ಸರಿಯಾಗಿ ನೋಡಿಲ್ಲ, ಬಿಡಿ. ನಿಜವಾದ ಕಾರಣ ನಮ್ಮ ಅತ್ತೆ. ಆಕೆ ಒಂದು ಸೈಟು ನೋಡಿ, ಮೂಗು ಮುರಿದು, ಬೇಡ ಎಂದು ಬಂದರೆ ಮುಗಿಯಿತು, ಮುಂದಿನ ಯುಗಾದಿಯೊಳಗೆ ಅದರ ಬೆಲೆ ಎರಡು ಪಟ್ಟು. ಹದಿನಾಲ್ಕು ವರ್ಷದಿಂದ ಇದು ಒಂದು ಸಲ ಬಿಟ್ಟರೆ ತಪ್ಪಿಲ್ಲ. ಬುದ್ಧಿ ಇರುವ ಯಾರಾದರೂ ಆಕೆಯ ಸ್ಕೂಟರಿನ ಬೆನ್ನು ಹತ್ತಿ, ಆಕೆ ಬೇಡ ಎಂದದ್ದನ್ನೆಲ್ಲ ಕೊಳ್ಳುತ್ತ ಹೋಗಿದ್ದರೆ ಇವತ್ತು ಅರ್ಧ ಜಿಲ್ಲೆ ಅವರದಾಗುತ್ತಿತ್ತು. ಆ ಬುದ್ಧಿ, ಅದೇ ಸ್ಕೂಟರಿನ ಹಿಂದೆ ಕುಕ್ಕರ್ ತಬ್ಬಿಕೊಂಡು ಕೂತಿದ್ದ ನನಗೇ ಬರಲಿಲ್ಲ.

ಕುಕ್ಕರ್ ಯಾಕೆ ಎಂದು ಕೇಳಿದಿರಾ? ಹೇಳುತ್ತೇನೆ, ತಾಳಿ.

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಮದುವೆ ಆಗಿಲ್ಲ. ನಮ್ಮ ಮನೆಯಿಂದ ಎರಡು ಓಣಿ ಆಚೆ ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದಳು. ಸ್ವಂತ ಮನೆ ಮಾಡಬೇಕು ಎಂಬುದು ಆಕೆಯ ಜೀವನದ ಒಂದೇ ಆಸೆ, ಮಾಡದೇ ಇರಲು ಕಾರಣ ಹುಡುಕುವುದು ಒಂದೇ ಹವ್ಯಾಸ. ಆಕೆ ನೋಡುವ ಪ್ರತಿ ಮನೆಯೂ ಮೂರು ಪರೀಕ್ಷೆ ಪಾಸಾಗಬೇಕು. ಒಂದು, ಗೋಲಿ. ನಡುಮನೆಯಲ್ಲಿ ಗಾಜಿನ ಗೋಲಿ ಇಟ್ಟರೆ ಅದು ಉರುಳಬಾರದು. ಉರುಳಿದರೆ ನೆಲ ವಾಲಿದೆ. ಎರಡು, ಬಿಳಿ ಕರವಸ್ತ್ರ. ಕಿಟಕಿಯ ಕಟ್ಟೆ ಒರೆಸಿದರೆ ಗಣಿ ಲಾರಿಗಳ ಕೆಂಪು ಧೂಳು ಬರಬಾರದು. ಮೂರನೆಯದೇ ಕುಕ್ಕರ್. ಆ ಮನೆಯ ಬೋರಿನ ನೀರು ಹಾಕಿ ಒಂದು ಹಿಡಿ ತೊಗರಿಬೇಳೆ ಇಟ್ಟರೆ ಮೂರನೇ ಸೀಟಿಗೆ ಬೇಳೆ ಬೆಂದಿರಬೇಕು. ನೀರು ಗಡಸಾಗಿದ್ದರೆ ಬೇಳೆ ಬೇಯುವುದಿಲ್ಲ. ನಾಲ್ಕು ಸೀಟಿ ಆದರೆ "ನೋಡೋಣಂತ". ಐದಾದರೆ ಫೇಲು, ಮರುಪರೀಕ್ಷೆ ಇಲ್ಲ.

ಇದಕ್ಕಾಗಿ ಸ್ಕೂಟರಿನ ಮುಂದೆ, ಆಕೆಯ ಕಾಲಿನ ನಡುವೆ ಒಂದು ಚೋಟುದ್ದದ ಸಿಲಿಂಡರು, ಅದರ ತಲೆಯ ಮೇಲೆ ಒಲೆ. ಹಿಂದೆ ನಾನು, ನನ್ನ ತೊಡೆಯ ಮೇಲೆ ಕುಕ್ಕರ್. ನಾವು ಹೊರಟರೆ ಮದುವೆ ಅಡುಗೆ ಕಂಟ್ರಾಕ್ಟು ಹಿಡಿದವರ ಹಾಗೆ ಕಾಣುತ್ತಿದ್ದೆವು.

"ಅತ್ತಿ, ನೀರು ಗಡಸೋ ಮೆದುವೋ ನೋಡಾಕ ಕಾಗದದ ಪಟ್ಟಿ ಬರ್ತಾವ. ನೀರಾಗ ಅದ್ದಿದ್ರ ಬಣ್ಣ ಬದಲಾಗತೈತಿ," ಎಂದು ಪಿಯುಸಿಯಲ್ಲಿ ಕಲಿತ ಜ್ಞಾನವನ್ನು ಒಮ್ಮೆ ಧಾರೆ ಎರೆದೆ.

"ನಾಳಿಂದ ಕಾಗದ ಉಣ್ತೀಯೇನವ್ವಾ?" ಎಂದಳು ಅತ್ತೆ. ವಿಜ್ಞಾನದ ಮೇಡಂ ಅಂದೆನಲ್ಲ, ಹಾಗೆ.

ನನ್ನ ನಿಜವಾದ ಕೆಲಸ ಗೋಲಿ ಬಿಡುವುದು, ಉರುಳಿಹೋದ ಗೋಲಿಯನ್ನು ಮಂಚದ ಅಡಿಯಿಂದ ಹೆಕ್ಕುವುದು. ಕಾಲೇಜಿನಲ್ಲಿ ಹೇಳಿಕೊಂಡದ್ದು ಮಾತ್ರ "ನಾನು ಪ್ರಾಪರ್ಟಿ ಕನ್ಸಲ್ಟಂಟು" ಎಂದು. ಮೊಬೈಲಿನಲ್ಲಿ ರೀಲು ಹಾಕಲು ಒಂದು ಖಾತೆ ತೆರೆದಿದ್ದೆ. "ಹಾಯ್ ಫ್ರೆಂಡ್ಸ್, ಇವತ್ತು ಒಂದು ಡ್ರೀಮ್ ಹೌಸ್ ನೋಡೋಣ ಬನ್ನಿ" ಎಂದು ಶುರು ಮಾಡುವಾಗ ನನ್ನ ಕನ್ನಡ ತಾನಾಗಿಯೇ ಟಿವಿಯವರ ಕನ್ನಡ ಆಗಿಬಿಡುತ್ತಿತ್ತು. ನನ್ನನ್ನು ಫಾಲೋ ಮಾಡುವವರು ಇನ್ನೂರ ಹನ್ನೊಂದು ಮಂದಿ. ಅದರಲ್ಲಿ ನೂರ ಎಂಬತ್ತು ನೆಂಟರು. ಮೂರು ನಾನೇ.

ಊರಿನ ಬ್ರೋಕರುಗಳೆಲ್ಲ ಅತ್ತೆಯ ನಂಬರನ್ನು ಬ್ಲಾಕು ಮಾಡಿದ ಮೇಲೂ ಒಬ್ಬ ಮಾತ್ರ ಉಳಿದಿದ್ದ. ಬ್ರೋಕರಣ್ಣ ಎನ್ನುತ್ತಿದ್ದೆವು. ಮೊದಲು ಬಾಳೆಕಾಯಿ ಲಾರಿಗಳಿಗೆ ಲೋಡು ಹುಡುಕಿ ಕೊಡುತ್ತಿದ್ದನಂತೆ. ಬಾಳೆ ತೋಟಗಳೆಲ್ಲ ಬಣ್ಣಬಣ್ಣದ ಬಾವುಟ ನೆಟ್ಟ ಲೇಔಟುಗಳಾದ ಮೇಲೆ ಅವನೂ ತೋಟದ ಜೊತೆಗೇ ಲೇಔಟಿಗೆ ಬಂದ. ಇಸ್ತ್ರಿ ಮುರಿಯದ ಬಿಳಿ ಅಂಗಿ, ಬಿಸಿಲಿರಲಿ ನೆರಳಿರಲಿ ತೆಗೆಯದ ಕಪ್ಪು ಕನ್ನಡಕ. ಅವನ ಲೆಕ್ಕದಲ್ಲಿ ಎಲ್ಲದಕ್ಕೂ ಐದೇ ನಿಮಿಷ. ಬಸ್‌ಸ್ಟ್ಯಾಂಡಿಗೆ ಐದು, ರೈಲ್ವೆ ಸ್ಟೇಷನ್ನಿಗೆ ಐದು, ಡ್ಯಾಮಿಗೆ ಐದು. ಅತ್ತೆ ಒಂದು ಸಲ ಕೈಗಡಿಯಾರ ನೋಡಿಕೊಂಡೇ ಸ್ಕೂಟರು ಓಡಿಸಿದಳು. ಇಪ್ಪತ್ತೆರಡು ನಿಮಿಷ ಆಯಿತು.

"ನಿಮ್ಮ ಐದ್ ನಿಮಿಷ ಯಾವ ಗಾಡ್ಯಾಗ್ರಿ?" ಎಂದು ಕೇಳಿದಳು.

"ಆಂಬುಲೆನ್ಸ್‌ನಾಗ್ರಿ ಮೇಡಂ," ಎಂದ, ಮುಖದಲ್ಲಿ ಒಂದು ಗೆರೆಯೂ ಅಲುಗಾಡಲಿಲ್ಲ.

ಒಮ್ಮೆ ಸಂಡೂರಿಗೆ ಕರೆದೊಯ್ದ. "ಸಂಡೂರಂದ್ರ ನಮ್ಮ ಊಟಿರಿ ಮೇಡಂ. ಗುಡ್ಡ ಏನು, ಗಾಳಿ ಏನು. ಫ್ಯಾನ್ ಸೈತ ಬ್ಯಾಡ." ಸುಳ್ಳಲ್ಲ, ಹಸಿರು ಗುಡ್ಡ ಕಣ್ಣಿಗೆ ತಂಪಾಗಿಯೇ ಇತ್ತು. ನಾನು ಹಸಿರಿನ ಮುಂದೆ ಎದ್ದು ಕಾಣಲೆಂದು ಬೆಳ್ಳನೆಯ ಚೂಡಿದಾರ್ ಹಾಕಿಕೊಂಡು ಹೋಗಿದ್ದೆ. ಆದರೆ ಅವನು ತೋರಿಸಿದ ಮನೆ ಇದ್ದದ್ದು ಯಶವಂತನಗರದಿಂದ ಅದಿರಿನ ಲಾರಿಗಳು ಬರುವ ರಸ್ತೆಯ ಪಕ್ಕ. ಹೊಸ ಮನೆ, ಗೋಡೆ ತುಂಬ ಇಟ್ಟಿಗೆ ಬಣ್ಣ.

"ಎಲ್ಲಾ ಚಂದ ಐತಿ. ಈ ಕೆಂಪು ಬಣ್ಣ ಯಾಕ್ರಿ ಹೊಡಿಸ್ಯಾರ?"

"ಹೊಡಿಸಿದ್ದು ಬಿಳಿದ್ರಿ ಮೇಡಂ."

ಕರವಸ್ತ್ರ ಚೀಲದಿಂದ ಹೊರಗೆ ಬರಲೇ ಇಲ್ಲ. ಪರೀಕ್ಷೆಗೆ ಮೊದಲೇ ಫಲಿತಾಂಶ. ನಾನು ಮಾತ್ರ ಲಾರಿಗಳ ಮುಂದೆ ಇಪ್ಪತ್ತು ನಿಮಿಷ ಕೂದಲು ಹಾರಿಸುತ್ತ ನಿಂತು ರೀಲು ಮಾಡಿದೆ. ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ತಡೆದು, "ಹೋಳಿಗಿನ್ನ ಎರಡ್ ತಿಂಗಳೈತಲ್ಲ?" ಎಂದಳು.

ಕಂಪ್ಲಿಯಲ್ಲಿ "ರಿವರ್ ವ್ಯೂ" ಇತ್ತು. ಗದ್ದೆಯ ನಡುವೆ ಕಲ್ಲು ನೆಟ್ಟು ಮಾಡಿದ ಲೇಔಟು. ಹಿಂದಿನ ದಿನವಷ್ಟೇ ಮಳೆ ಬಂದಿತ್ತು. ಅತ್ತೆ ಸೀರೆ ಎತ್ತಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು, ನಾಲ್ಕು ದಿಕ್ಕಿಗೂ ನೋಡಿ, "ನದಿ ಯಾವ ಕಡಿಗೈತ್ರಿ?" ಎಂದಳು.

"ನಿಂತೀರಲ್ರಿ," ಎಂದ ಬ್ರೋಕರಣ್ಣ.

ಪಕ್ಕದ ಪಂಪ್‌ಸೆಟ್ಟಿನ ನೀರು ತಂದು ಬೇಳೆ ಇಟ್ಟರೆ ಎರಡೇ ಸೀಟಿಗೆ ಬೆಂದುಬಿಟ್ಟಿತು, ದಾಖಲೆ! "ನೀರು ಭಾಳ ಚಲೋ ಐತ್ರಿ," ಎಂದು ಅತ್ತೆ ಒಪ್ಪಿಕೊಂಡಳು. "ನೆಲ ಬಂದ ಮ್ಯಾಲೆ ಒಂದ್ ಫೋನ್ ಮಾಡ್ರಿ." ಅಷ್ಟರಲ್ಲಿ ನಾನು "ಹಾಯ್ ಫ್ರೆಂಡ್ಸ್" ಎನ್ನುತ್ತ ಒಂದು ಹೆಜ್ಜೆ ಮುಂದಿಟ್ಟಿದ್ದೆ. ಮೊಣಕಾಲಿನವರೆಗೆ ಹೋದೆ. ನನ್ನನ್ನು ಮೇಲೆ ಎಳೆದರು, ಚಪ್ಪಲಿ ಬರಲಿಲ್ಲ. ಕಂಪ್ಲಿಯಲ್ಲಿ ನಮ್ಮ ಮನೆತನದ ಆಸ್ತಿ ಅಂತ ಏನಾದರೂ ಇದ್ದರೆ ಅದು ನನ್ನ ಎಡಗಾಲಿನ ಚಪ್ಪಲಿ.

ಹಂಪಿಯ ಕಡೆಯದು ಇನ್ನೂ ಚೆಂದ. ಕಮಲಾಪುರ ದಾಟಿ, ಬಾಳೆ ತೋಟದ ನಡುವೆ ಒಂದು ಜಾಗ. ಎದುರಿಗೆ ಒಂದರ ಮೇಲೊಂದು ಕೂತ ಹೆಬ್ಬಂಡೆಗಳು. ಅತ್ತೆಯೂ ಹಣೆಗೆ ಕೈ ಅಡ್ಡ ಹಿಡಿದು ಅವನ್ನು ನೋಡಿದಳು.

"ಇಲ್ಲಿ ಮನಿ ಕಟ್ಟಾಕ ಪರ್ಮಿಷನ್ ಸಿಗತೈತೇನ್ರಿ?"

"ಕಟ್ಟಂಗಿಲ್ರಿ. ಆದ್ರ ನೋಡಾಕ ಮಸ್ತ್ ಐತಲ್ರಿ."

"ನೋಡಾಕ ಬಸ್ ಚಾರ್ಜ್ ಕೊಟ್ರ ಸಾಕಲ್ರಿ, ಸೈಟ್ ಯಾಕ?"

ಅವರಿಬ್ಬರೂ ಹೀಗೆ ಚರ್ಚಿಸುತ್ತಿದ್ದಾಗ ನನ್ನ ಕಣ್ಣಿಗೆ ಒಂದು ಕಲ್ಲುಕಂಬ ಬಿತ್ತು. ಮೊಬೈಲು ಎತ್ತಿದವಳೇ, "ಫ್ರೆಂಡ್ಸ್, ಈ ಸೈಟಿನಲ್ಲಿ ಸಾಮ್ರಾಜ್ಯದ ಕಾಲದ ಮಂಟಪದ ಕಂಬ ಸಿಕ್ಕಿದೆ, ಇದರ ಮೇಲೆ ರಾಜರ ಕೈ ಬಿದ್ದಿರಬಹುದು" ಎಂದು ಕಂಬವನ್ನು ಸವರುತ್ತ ಐದು ನಿಮಿಷ ಭಾಷಣ ಮಾಡಿದೆ. ಎಮ್ಮೆ ಹೊಡೆದುಕೊಂಡು ಬಂದ ಮುದುಕನೊಬ್ಬ ಪೂರ್ತಿ ಕೇಳಿಸಿಕೊಂಡು, "ಯವ್ವಾ, ಅದು ಎಮ್ಮಿ ಕಟ್ಟಾಕ ಹ್ವಾದ ವರ್ಷ ನಾನ ಹುಗದದ್ದು. ಸ್ವಲ್ಪ ಸರೀತಿಯೇನು?" ಎಂದ. ಆ ರೀಲಿಗೆ ಬಂದಷ್ಟು ಲೈಕು ಅಲ್ಲಿಯತನಕ ಯಾವುದಕ್ಕೂ ಬಂದಿರಲಿಲ್ಲ. ಎಮ್ಮೆ ಚೆನ್ನಾಗಿದೆ ಎಂದು ಎಲ್ಲರೂ ಬರೆದಿದ್ದರು.

ಇದು ಹೀಗೇ ಇನ್ನೂ ಹದಿನಾಲ್ಕು ವರ್ಷ ನಡೆಯುತ್ತಿತ್ತೋ ಏನೋ. ಆದರೆ ಶ್ರಾವಣದಲ್ಲಿ ಅತ್ತೆಯ ಬಾಡಿಗೆ ಮನೆಯ ಮಾಲೀಕ ಬಂದು, ಚಹಾ ಕುಡಿದು, ಲೋಟ ಕೆಳಗಿಡುತ್ತ, ದೀಪಾವಳಿಯೊಳಗೆ ಮನೆ ಖಾಲಿ ಮಾಡಬೇಕೆಂದ. ಮನೆ ಕೆಡವಿ, ಅದೇ ಜಾಗದಲ್ಲಿ ಫ್ಯಾಕ್ಟರಿಯ ಕಂಟ್ರಾಕ್ಟು ಕೆಲಸದ ಹುಡುಗರಿಗೆ ಒಂದೊಂದೇ ಕೋಣೆಯ ಎಂಟು ಮನೆ ಕಟ್ಟಿಸುತ್ತಾನಂತೆ. ತಪ್ಪೇನಿಲ್ಲ, ಊರೆಲ್ಲ ಈಗ ಅದನ್ನೇ ಮಾಡುತ್ತಿದೆ.

ಅತ್ತೆಗೆ ಅದು ಹನ್ನೊಂದನೆಯ ಬಾಡಿಗೆ ಮನೆ. ಹನ್ನೆರಡನೆಯದನ್ನು ಹುಡುಕಲು ಹೋದರೆ, "ಒಬ್ರೇನ್ರಿ?" ಎಂದು ಕೇಳಿ, "ಕಂಪನ್ಯಾರಿಗೆ ಮಾತು ಕೊಟ್ಟೀವ್ರಿ" ಎಂದು ಬಾಗಿಲು ಹಾಕುತ್ತಿದ್ದರು. ಸ್ವಂತದ್ದು ಕೊಳ್ಳೋಣವೆಂದರೆ ಆಕೆಯ ರಿಟೈರ್‌ಮೆಂಟಿಗೆ ಒಂದೇ ವರ್ಷ ಉಳಿದಿತ್ತು. ಸಂಬಳ ನಿಂತ ಮೇಲೆ ಬ್ಯಾಂಕಿನವರು ಸಾಲ ಕೊಡುವುದಿಲ್ಲ. ಅಂದರೆ ಇದೇ ಕೊನೆಯ ಸಲ. ಈಗ ಆದರೆ ಮನೆ, ಇಲ್ಲದಿದ್ದರೆ ಸಾಯುವತನಕ ಇನ್ನೊಬ್ಬರ ಬಾಗಿಲು.

ಅಂದಿನಿಂದ ಅತ್ತೆ ಶಾಲೆ ಬಿಟ್ಟ ಕೂಡಲೇ ದಿನವೂ ಸ್ಕೂಟರು ಹೊರಡಿಸಿದಳು. ಬ್ರೋಕರಣ್ಣನನ್ನು ಕಾಡುವ ಮಾತುಗಳು ಕಡಿಮೆಯಾದವು. ಅವನಿಗೇ ಗಾಬರಿಯಾಗಿ, "ಮೇಡಂಗೆ ಮೈಯಾಗ ಆರಾಮಿಲ್ಲೇನು?" ಎಂದು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ.

ಆಗ ಸಿಕ್ಕಿತು ಆ ಮನೆ. ಕಾಲುವೆಯ ಹತ್ತಿರದ ಹಳೇ ಓಣಿ. ಎರಡು ಕೋಣೆ, ಒಂದು ಅಡುಗೆಮನೆ, ಹಿತ್ತಲಲ್ಲಿ ನುಗ್ಗೆಗಿಡ. ಲಾರಿ ಮೆಕ್ಯಾನಿಕ್ ಒಬ್ಬನದು. ಕಂಪ್ಲಿಯಲ್ಲಿ ಗ್ಯಾರೇಜು ಹಾಕುತ್ತೇನೆಂದು ಮಾರುತ್ತಿದ್ದ. ನಾನು ಗೋಲಿ ಬಿಟ್ಟೆ. ಅಂಟು ಹಚ್ಚಿದ ಹಾಗೆ ನಿಂತಿತು. ಅತ್ತೆ ಕಿಟಕಿ ಒರೆಸಿದಳು. ಕರವಸ್ತ್ರದ ಮೇಲೆ ಒಂದು ಇರುವೆ ಬಿಟ್ಟರೆ ಏನೂ ಇರಲಿಲ್ಲ. ಒಲೆ ಹಚ್ಚಿದಳು. ಒಂದು ಸೀಟಿ. ಎರಡು. ಬ್ರೋಕರಣ್ಣ ಕೈಮುಗಿದು ಏನೋ ಹೇಳಿಕೊಳ್ಳುತ್ತಿದ್ದ. ಮೂರು. ಅತ್ತೆ ಮುಚ್ಚಳ ತೆಗೆದು, ಒಂದು ಕಾಳು ಬೆರಳಲ್ಲಿ ಒತ್ತಿ, ಕಟ್ಟೆಯ ಮೇಲೆ ಕೂತುಬಿಟ್ಟಳು.

"ಬೆಣ್ಣಿ," ಎಂದಳು. ಅಷ್ಟೇ.

ಮೆಕ್ಯಾನಿಕ್‌ನ ಹೆಂಡತಿ ಆ ಬೇಳೆಗೇ ಒಗ್ಗರಣೆ ಕೊಟ್ಟು, ಜೋಳದ ರೊಟ್ಟಿ ತಂದಳು. ಎಲ್ಲರೂ ಕಟ್ಟೆಯ ಮೇಲೆ ಕೂತು ಪರೀಕ್ಷೆಯನ್ನೇ ಉಂಡೆವು. ಮಾತು ಮುಗಿಯಿತು. ಇನ್ನು ಸಂಚಕಾರ ಒಂದು ಕೊಡಬೇಕು. ನಮ್ಮ ಕಡೆ ಸಂಚಕಾರ ಎಂದು ಮುಂಗಡ ಒಂದಿಷ್ಟು ಕೈಗೆ ಬಿದ್ದರೆ ಮಾತು ಕಟ್ಟಿದ ಹಾಗೆ, ಆಮೇಲೆ ಯಾರೂ ಹಿಂದೆ ಸರಿಯುವಂತಿಲ್ಲ. ಅಂದು ಶನಿವಾರ ಸಂಜೆ. ಭಾನುವಾರ ಅಮಾವಾಸ್ಯೆ.

"ಅಮಾಸಿ ಮುಗೀಲ್ರಿ. ಸೋಮಾರ ಮುಂಜಾನೆ ಬಂದು ಸಂಚಕಾರ ಕೊಡ್ತೀನಿ," ಎಂದಳು ಅತ್ತೆ.

"ಅತ್ತಿ, ನೀನು ಸೈನ್ಸ್ ಮೇಡಂ ಅಲ್ಲೇನು?" ಎಂದೆ ದಾರಿಯಲ್ಲಿ.

"ಅಮಾಸಿನೂ ಸೈನ್ಸ್‌ನಾಗ ಬರತೈತಿ. ಚಂದ್ರನ ಪಾಠ ಓದಿಲ್ಲೇನು?"

ಇಲ್ಲಿಯತನಕ ತಪ್ಪೆಲ್ಲ ಅತ್ತೆಯದು, ಚಂದ್ರನದು. ಮುಂದಿನದೆಲ್ಲ ನನ್ನದು.

ಭಾನುವಾರ ನನಗೆ ಮಾಡಲು ಕೆಲಸವಿರಲಿಲ್ಲ. ಇದ್ದರೂ ಮಾಡುತ್ತಿರಲಿಲ್ಲ ಎನ್ನಿ. ಆ ಮೂರು ಸೀಟಿಯನ್ನು ಮೊಬೈಲಿನಲ್ಲಿ ಹಿಡಿದಿಟ್ಟಿದ್ದೆ. ಅದಕ್ಕೆ ಡೊಳ್ಳಿನ ಸದ್ದು ಸೇರಿಸಿದೆ. ಬೇಳೆ ಒತ್ತುವ ಬೆರಳನ್ನು ನಿಧಾನಕ್ಕೆ ಓಡಿಸಿದೆ. "ಹೊಸಪೇಟೆಯಲ್ಲಿ ಮೂರೇ ಸೀಟಿಗೆ ಬೇಳೆ ಬೇಯುವ ಮನೆ! ಧೂಳಿಲ್ಲ, ವಾಲಿಲ್ಲ, ಅಮೃತದಂಥ ನೀರು" ಎಂದು ಕೂಗಿದೆ. ಹುಡುಕಲು ಯಾರಿಗೂ ತೊಂದರೆಯಾಗದಿರಲೆಂದು ಓಣಿಯ ಗುರುತನ್ನೂ ಹೇಳಿದೆ, ನುಗ್ಗೆಗಿಡವನ್ನೂ ತೋರಿಸಿದೆ. ಮಧ್ಯಾಹ್ನದ ಹೊತ್ತಿಗೆ ಅದನ್ನು ಸಾವಿರಾರು ಜನ ನೋಡಿದ್ದರು. ಸಂಜೆಗೆ ನನ್ನ ಪ್ರಿನ್ಸಿಪಾಲರು ನೋಡಿದ್ದರು. ಗೆಳತಿಯರಿಗೆಲ್ಲ ಫೋನು ಮಾಡಿ, "ಏನಿಲ್ಲ, ಸುಮ್ನ ಫೋನ್ ಮಾಡಿದೆ" ಎಂದು ಹೇಳಿ, ಅವರಾಗಿಯೇ ಆ ಮಾತು ಎತ್ತುವತನಕ ಕಾದೆ. ಯಾರೂ ಎತ್ತದಿದ್ದರೆ ನಾನೇ ಎತ್ತಿದೆ.

ಸೋಮವಾರ ಬೆಳಿಗ್ಗೆ ಅತ್ತೆ ಹೊಸ ಇಳಕಲ್ ಸೀರೆ ಉಟ್ಟು, ಎಲೆ ಅಡಿಕೆ, ತೆಂಗಿನಕಾಯಿ ಚೀಲಕ್ಕೆ ಹಾಕಿಕೊಂಡು, ನನ್ನನ್ನು ಕರೆದುಕೊಂಡು ಹೊರಟಳು. ಓಣಿಯ ಬಾಯಿಗೆ ಬರುತ್ತಿದ್ದ ಹಾಗೆಯೇ ಒಂದು ಸೀಟಿ ಕೇಳಿಸಿತು. ಆಮೇಲೆ ಇನ್ನೊಂದು, ಬೇರೆ ರಾಗದ್ದು. ನಾವು ಆ ಮನೆಯ ಮುಂದೆ ನಿಂತಾಗ ಕಟ್ಟೆಯ ಮೇಲೆ ಸಾಲಾಗಿ ನಾಲ್ಕು ಒಲೆ, ನಾಲ್ಕು ಕುಕ್ಕರ್, ನಾಲ್ಕು ಸಂಸಾರ.

"ನಂದು ಎರಡಕ್ಕ ಬೆಂದೈತಿ ನೋಡ್ರಿ," ಎನ್ನುತ್ತಿದ್ದಳು ಒಬ್ಬಾಕೆ.

"ನಿಮ್ದು ಹೆಸರುಬ್ಯಾಳಿ. ಅದು ಬಿಸಿಲಿಗಿಟ್ರೂ ಬೇಯತೈತಿ. ನಾವು ಕಡ್ಲಿಕಾಳ್ ಇಟ್ಟೀವಿ," ಎಂದಳು ಇನ್ನೊಬ್ಬಾಕೆ.

ಫ್ಯಾಕ್ಟರಿಯ ಇಬ್ಬರು ಎಂಜಿನಿಯರುಗಳು ಕರೆಂಟ್ ಒಲೆ ಬಗಲಲ್ಲಿ ಇಟ್ಟುಕೊಂಡು, ಪ್ಲಗ್ಗು ಎಲ್ಲಿದೆ ಎಂದು ಮೆಕ್ಯಾನಿಕ್‌ನನ್ನು ಕೇಳುತ್ತಿದ್ದರು. ಬ್ರೋಕರಣ್ಣ ಎಲ್ಲರ ನಡುವೆ ನಿಂತು, ಜೀವನದಲ್ಲಿ ಮೊದಲ ಬಾರಿಗೆ ಯಾರ ಮುಂದೆಯೂ ಯಾವುದನ್ನೂ ಹೊಗಳದೆ ಸೀಟಿ ಎಣಿಸುತ್ತಿದ್ದ. ಒಂದು ಹುಡುಗಿ ನನ್ನನ್ನು ನೋಡಿ, "ಏ, ಆ ಸೀಟಿ ಅಕ್ಕ ಈಕೀನ," ಎಂದು ಓಡಿಬಂದು ಸೆಲ್ಫಿ ಕೇಳಿದಳು.

ನಾನು ಏನು ಮಾಡಿದೆ ಗೊತ್ತೇ? ನಿಂತೆ. ಕೂದಲು ಸರಿಮಾಡಿಕೊಂಡೆ. ನಕ್ಕೆ. ಆ ಮೊಬೈಲಿನ ಪರದೆಯಲ್ಲಿ ನನ್ನ ಹಲ್ಲಿನ ಹಿಂದೆ ಅತ್ತೆಯ ಮುಖ ಕಂಡಿತು. ಚೀಲದ ಬಾಯಿಯನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದು ನಿಂತಿದ್ದಳು.

ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತ ಬಂದ. "ಟೀಚರ್, ತಪ್ಪು ತಿಳ್ಕಾಬ್ಯಾಡ್ರಿ. ನೀವು ಶನಿವಾರನ ಸಂಚಕಾರ ಕೊಟ್ಟಿದ್ರ, ತಾಯಿ ಆಣಿ, ಯಾರು ಬಂದ್ರೂ ಮಾತು ಮುರೀತಿರ್ಲಿಲ್ಲ. ಈಗ ಇವ್ರು ಹೇಳಾದು ಕೇಳಿದ್ರ... ನಂದೂ ಗ್ಯಾರೇಜ್ ಹಾಕಾದೈತ್ರಿ."

"ನಿಮ್ ತಪ್ಪೇನಿಲ್ಲಪಾ," ಎಂದಳು ಅತ್ತೆ. ಅವರು ಹೇಳುತ್ತಿದ್ದ ಬೆಲೆ ಏನೆಂದು ಕೇಳಿ ಒಂದು ಸಲ ತಲೆಯಾಡಿಸಿದಳು. ಆಕೆಗೆ ಎಟಕುವ ಮಾತಾಗಿರಲಿಲ್ಲ. "ನಿಮ್ ಮನ್ಯಾಕಿಗೆ ಹೇಳ್ರಿ, ಒಗ್ಗರಣಿ ಭಾಳ ಚಲೋ ಆಗಿತ್ತಂತ."

ದಾರಿಯುದ್ದಕ್ಕೂ ನಾನು ಬೈಗುಳಕ್ಕೆ ಕಾದೆ. ಬಸ್‌ಸ್ಟ್ಯಾಂಡಿನ ಹತ್ತಿರ ಸ್ಕೂಟರು ನಿಲ್ಲಿಸಿ, ಮಿರ್ಚಿ ಬಜಿ ಕೊಡಿಸಿ, "ಬಿಸಿ ಐತಿ, ನೋಡ್ಕೊಂಡು ತಿನ್ನು," ಎಂದಳು. ಬೈದಿದ್ದರೆ ಅರ್ಧ ಪಾಪವಾದರೂ ಅಲ್ಲೇ ಕಳೆಯುತ್ತಿತ್ತು. ಮನೆಗೆ ಬಂದು ರೀಲು ಅಳಿಸಿದೆ. ಅಳಿಸಿದರೇನು, ಅಷ್ಟು ಹೊತ್ತಿಗೆ ಅದು ನಮ್ಮಪ್ಪನ ಮೊಬೈಲಿಗೇ ಮೂರು ಕಡೆಯಿಂದ ಬಂದಿತ್ತು. ಕ್ಷಮಿಸು ಎಂದು ಅತ್ತೆಗೆ ಉದ್ದಕ್ಕೆ ಬರೆದೆ, ಓದಿದರೆ ಅದೂ ರೀಲಿನ ಮಾತಿನ ಹಾಗೆಯೇ ಕೇಳಿಸಿತು. ಕಳಿಸಲಿಲ್ಲ.

ಗುರುವಾರ ಅತ್ತೆಯೇ ಬ್ರೋಕರಣ್ಣನಿಗೆ ಫೋನು ಮಾಡಿದಳು. "ಆ ರೈಲ್ವೆ ಗೇಟಿನ ಆಚಿ ಮನಿ ಇನ್ನಾ ಐತೋ, ಹೋತೋ?"

ಅದನ್ನು ಆರು ವರ್ಷದ ಹಿಂದೆಯೇ ನೋಡಿದ್ದೆವು. ಮೂರಕ್ಕೆ ಮೂರೂ ಫೇಲಾದ ಏಕೈಕ ಮನೆ. ಗೋಲಿ ಬಿಟ್ಟರೆ ಮುಂದಿನ ಬಾಗಿಲಿಂದ ಹಿಂದಿನ ಬಾಗಿಲಿಗೆ ತಾನೇ ದಾರಿ ಕೇಳಿಕೊಂಡು ಹೋಗಿತ್ತು. ಕರವಸ್ತ್ರ ಮತ್ತೆ ಬಿಳಿಯಾಗಲಿಲ್ಲ. ಬೇಳೆಯಂತೂ ಏಳನೇ ಸೀಟಿಗೂ ಕಲ್ಲಿನ ಹಾಗೆ ಖಣಖಣ ಎನ್ನುತ್ತಿತ್ತು. ಕೊಳ್ಳುವವರಿಲ್ಲದೆ ಇನ್ನೂ ಹಾಗೇ ಇತ್ತು, ಅತ್ತೆ ಬೇಡ ಎಂದರೂ ಬೆಲೆ ಏರದೆ ಉಳಿದದ್ದು ಅದೊಂದೇ, ಹಾಗಾಗಿ ಆಕೆಗೆ ಎಟಕುವಂತಿತ್ತು. ಅತ್ತೆ ಒಳಗೆ ಹೋಗಿ ಒಂದು ಸುತ್ತು ಹಾಕಿ ಬಂದು, "ಆತು, ತಗೋತೀನಿ," ಎಂದಳು.

"ಕುಕ್ಕರ್ ಇಡಂಗಿಲ್ರಿ?" ಎಂದ ಬ್ರೋಕರಣ್ಣ.

"ಇಲ್ಲ."

"ಗೋಲಿನರ?"

"ಬ್ಯಾಡ್ರಿ."

ಬ್ರೋಕರಣ್ಣ ಕಪ್ಪು ಕನ್ನಡಕ ತೆಗೆದ. ಅವನಿಗೆ ಕಣ್ಣು ಇದೆ ಎಂದು ನಮಗೆ ಅವತ್ತು ಗೊತ್ತಾಯಿತು. ಆ ಕಣ್ಣಲ್ಲಿ ಸಂತೋಷ ಇರಲಿಲ್ಲ, ಅನುಮಾನ ಇತ್ತು. ನಮ್ಮ ಸೀಮೆಯಲ್ಲಿ ಯಾರಾದರೂ ಕಾರಣವಿಲ್ಲದೆ ಒಂದು ಜಾಗವನ್ನು ಇಷ್ಟಪಟ್ಟರೆ ಅದಕ್ಕೆ ಒಂದೇ ಅರ್ಥ: ಕೆಳಗೆ ನಿಧಿ ಇದೆ. ಹಂಪಿಯ ಮಗ್ಗುಲಲ್ಲಿ ಹುಟ್ಟಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅವನು ಹೋಗಿ ಮನೆಯ ಮಾಲೀಕನ ಕಿವಿಯಲ್ಲಿ ಊದಿದ. ಮರುದಿನ ನಾವು ಹೋದಾಗ ಮಾಲೀಕ ಹಾರೆಯ ಹಿಂಬದಿಯಿಂದ ನಡುಮನೆಯ ನೆಲ ಕುಟ್ಟಿ ಕುಟ್ಟಿ ಕಿವಿಗೊಟ್ಟು ಕೇಳುತ್ತಿದ್ದ.

"ಮೇಡಂ, ಖರೇ ಹೇಳ್ರಿ. ಕೆಳಗ ಏನೈತ್ರಿ?"

"ಗಡಸು ನೀರೈತಿ."

"ಹದಿನಾಕ್ ವರ್ಷ ಊರಾಗಿನ ಮನಿ ಎಲ್ಲಾ ಬ್ಯಾಡಂದವ್ರು, ಇದನ್ನ ಸುಮ್ನ ಒಪ್ಪಿದ್ರಂದ್ರ ಏನರ ಇರ್ಲೇಬೇಕು. ಸಿಕ್ಕಿದ್ರಾಗ ಅರ್ಧ ನಮ್ದಂತ ಪತ್ರದಾಗ ಬರೀಬೇಕ್ರಿ."

"ಬರೀರಿ. ಸಿಕ್ಕಿದ್ದು ಅರ್ಧ ನಿಮ್ದು, ಸಿಗಲಾರದ್ದು ಪೂರ್ತಿ ನಂದು."

ಅದು ನಿಜವಾಗಿಯೂ ಪತ್ರ ಬರೆಯುವವನತನಕ ಹೋಯಿತು. ಅವನು ಇಬ್ಬರನ್ನೂ ಕೂರಿಸಿಕೊಂಡು, "ನಿಧಿ ಸಿಕ್ರ ಸರ್ಕಾರದ್ದು. ನಿಮ್ದೂ ಅಲ್ಲ, ಅವ್ರದೂ ಅಲ್ಲ. ಜಲ್ದಿ ಸಹಿ ಹಾಕ್ರಿ, ಹಿಂದ ಮಂದಿ ಅದಾರ," ಎಂದ ಮೇಲೆ ಮುಗಿಯಿತು. ಎಂದೂ ಸುಮ್ಮನಿರದ ನಾನು ಈ ಇಡೀ ವ್ಯವಹಾರದಲ್ಲಿ ಒಂದೂ ಸಲಹೆ ಕೊಡಲಿಲ್ಲ. ನಮ್ಮಪ್ಪ ಮಾತ್ರ ತಡೆಯಲಾರದೆ, "ಅಕ್ಕಾ, ಆ ನೀರಾಗ ಹೆಂಗ ಬಾಳೇವು ಮಾಡ್ತಿ?" ಎಂದು ಕೇಳಿದ.

"ಚಲೋ ಮನಿ ಹುಡುಕಿ ಸಾಕಾತಪಾ. ಇದ್ರಾಗ ಏನೇನ್ ಕೆಟ್ಟದ್ದೈತಂತ ಎಲ್ಲಾ ನಂಗ ಗೊತ್ತೈತಿ. ಅಷ್ಟು ಸಾಕು," ಎಂದಳು ಅತ್ತೆ.

ದೀಪಾವಳಿಗೆ ಎಂಟು ದಿನ ಇರುವಾಗ ಹಾಲುಕ್ಕಿಸಿದೆವು. ಹಾಲು ಸರಿಯಾಗಿ ಪೂರ್ವಕ್ಕೇ ಉಕ್ಕಿತು. ನೆಲ ಆ ಕಡೆಗೇ ವಾಲಿತ್ತಲ್ಲ. ನೆಂಟರು ಉಂಡು, ನೀರಿನ ರುಚಿಯ ಬಗ್ಗೆ ಒಂದೊಂದು ಮಾತಾಡಿ, ಮಧ್ಯಾಹ್ನದ ಹೊತ್ತಿಗೆ ಹೊರಟರು. ನಾನು ಉಳಿದೆ. ಸಾಮಾನು ಬಿಚ್ಚುವ ನೆಪ. ನಿಜ ಹೇಳಬೇಕೆಂದರೆ, ಇವತ್ತಾದರೂ ಆ ಮಾತು ಆಡಿಬಿಡಬೇಕು ಎಂದುಕೊಂಡಿದ್ದೆ.

ಅತ್ತೆ ತನ್ನ ಕೈಚೀಲದಿಂದ ಒಂದು ಕಾಗದದ ಪೊಟ್ಟಣ ತೆಗೆದಳು. ಅದರಲ್ಲಿ ಮೊಳೆಗಳಿದ್ದವು. ಸುತ್ತಿಗೆಯೂ ಹೊಸದು, ಹಿಡಿಯ ಮೇಲೆ ಅಂಗಡಿಯ ಚೀಟಿ ಇನ್ನೂ ಹಾಗೇ ಇತ್ತು. ನಡುಮನೆಯ ಗೋಡೆಯ ನಡುಮಧ್ಯಕ್ಕೆ ಒಂದು ಮೊಳೆ ಇಟ್ಟು, ನಾಲ್ಕು ಏಟು ಹಾಕಿ, ಎರಡು ಹೆಜ್ಜೆ ಹಿಂದೆ ಬಂದು ನೋಡಿದಳು.

"ಏನ್ ಹಾಕ್ತಿ ಅತ್ತಿ? ಗಡಿಯಾರ ತರ್ಲಾ?"

"ಏನೂ ಇಲ್ಲ."

"ಮತ್ತ?"

ಅತ್ತೆ ಆ ಬರಿ ಮೊಳೆಯನ್ನೇ ನೋಡುತ್ತಿದ್ದಳು. "ಹನ್ನೊಂದ್ ಮನಿ ಆದ್ವು. ಕೀಲಿ ಕೊಡಾಗ ಹನ್ನೊಂದ್ ಮಂದಿನೂ ಒಂದ ಮಾತು ಹೇಳಿದ್ರು ನೋಡು. ಗ್ವಾಡಿಗೆ ಮೊಳಿ ಹೊಡಿಬ್ಯಾಡ್ರಿ ಅಂತ."

ಆಗ ನನಗೆ ಆಕೆಯ ಹಳೇ ಮನೆ ಕಣ್ಣ ಮುಂದೆ ಬಂತು. ಕ್ಯಾಲೆಂಡರು ಫ್ರಿಜ್ಜಿನ ಮೇಲೆ ಮಲಗಿರುತ್ತಿತ್ತು. ತಾರೀಖು ಬೇಕೆಂದರೆ ಎತ್ತಿ ನೋಡಿ ಮತ್ತೆ ಮಲಗಿಸಬೇಕು. ಅಜ್ಜನ ಫೋಟೋ ಟ್ರಂಕಿನ ಮೇಲೆ ಗೋಡೆಗೆ ಒರಗಿ ಕೂತಿರುತ್ತಿತ್ತು. ಅದೂ ಅತ್ತೆಯ ಒಂದು ತಿಕ್ಕಲು ಎಂದುಕೊಂಡು, ಗೆಳತಿಯರಿಗೆ ಹೇಳಿ ಎಷ್ಟು ಸಲ ನಗಿಸಿದ್ದೆನೋ. ಯಾಕೆ ಎಂದು ಒಂದು ಸಲವೂ ಕೇಳಿರಲಿಲ್ಲ.

"ಅತ್ತಿ, ಆ ರೀಲು..." ಎಂದೆ.

ಆಕೆ ಸುತ್ತಿಗೆಯನ್ನು ನನ್ನ ಕೈಗಿಟ್ಟಳು. ಪೊಟ್ಟಣದಿಂದ ಇನ್ನೊಂದು ಮೊಳೆ ಹೆಕ್ಕಿ ಕೊಟ್ಟಳು. "ತಗೋ, ನೀನೊಂದ್ ಹೊಡಿ. ಗ್ವಾಡಿ ನೋಡಿ ಹೊಡಿ, ನನ್ ಮಾರಿ ನೋಡಿದ್ರ ಬೆರಳಿಗೆ ಬೀಳತೈತಿ."

ಹೊಡೆದೆ. ಕಣ್ಣು ಮಂಜಾಗಿತ್ತು. ಮೊಳೆ ಸೊಟ್ಟಗಾಯಿತು. ಅದರ ಜೊತೆಗೆ ಊಟದ ತಟ್ಟೆಯಷ್ಟಗಲ ಗಿಲಾವು ಕಿತ್ತುಕೊಂಡು ದೊಪ್ಪನೆ ಕೆಳಗೆ ಬಿತ್ತು. ಹೊಸ ಮನೆಯ ಮೊದಲ ದಿನ, ಸುಣ್ಣ ಹೊಡೆದ ಗೋಡೆ. ಗಾಬರಿಯಾಗಿ ಮೊಳೆ ಕೀಳಲು ಕೈ ಹಾಕಿದೆ.

ಅತ್ತೆ ನನ್ನ ಕೈ ಹಿಡಿದಳು.

"ಇರ್ಲಿ ಬಿಡು," ಎಂದಳು. "ಇಲ್ಲಿ ಯಾರು ಕೇಳವ್ರದಾರ?"